ನಕಲು ಕ್ರೋನೋಗ್ರಾಫ್ ವಾಚನ್ನು ಮನೆಯಲ್ಲೇ ಬಿಚ್ಚುವವರಿಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ತಡೆಯಬೇಕು

ನಮ್ಮ ಸೋದರಮಾವ ಗಲ್ಫ್‌ನಿಂದ ಬರುವಾಗ ನನಗೊಂದು ವಾಚು ತಂದಿದ್ದರು. ದಪ್ಪ, ಭಾರ, ಮೂರು ಸಣ್ಣ ಡಯಲ್, ಪಕ್ಕದಲ್ಲಿ ಎರಡು ಗುಂಡಿ. ಅಂದರೆ ಕ್ರೋನೋಗ್ರಾಫ್, ಗುಂಡಿ ಒತ್ತಿ ಸ್ಟಾಪ್‌ವಾಚಿನಂತೆ ಹೊತ್ತು ಅಳೆಯುವ ವಾಚು; ಆ ಅಳೆಯುವ ಭಾಗವನ್ನು ಮುಂದೆ ಬರೀ ಕ್ರೋನೋ ಅನ್ನುತ್ತೇನೆ. ಮೇಲೆ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ವಾಚಿನ ಹೆಸರು. ನಕಲು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಒಂದು ಸಂಜೆ ಮೇಲಿನ ಗುಂಡಿ ಒತ್ತಿದೆ. ಉದ್ದನೆಯ ಮುಳ್ಳು ನಾಲ್ಕು ಸೆಕೆಂಡು ಓಡಿ ನಿಂತಿತು. ಅದರ ಜೊತೆಗೆ ಇಡೀ ವಾಚೇ ನಿಂತಿತು.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಹಿರಿಯರೊಬ್ಬರು ವಾಚ್ ರಿಪೇರಿ ಮಾಡುತ್ತಾರೆ. ಅಪ್ಪನ ಎಚ್‌ಎಂಟಿ ಮೊದಲಿನಿಂದ ಅವರ ಕೈಯಲ್ಲೇ ಬೆಳೆದದ್ದು. ಅವರು ಹಿಂದಿನ ಮುಚ್ಚಳ ತೆಗೆದರು, ಕಣ್ಣಿಗೆ ಐ ಗ್ಲಾಸ್ ಸಿಗಿಸಿಕೊಂಡು ಅರ್ಧ ನಿಮಿಷ ನೋಡಿದರು, ವಾಪಸ್ ಕೊಟ್ಟರು.

"ತಮ್ಮಾ, ಇದಕ್ಕ ಪಾರ್ಟ್ ಸಿಗಂಗಿಲ್ಲ. ಒಂದ್ರದ್ದು ಇನ್ನೊಂದಕ್ಕ ಕೂಡಂಗಿಲ್ಲ. ನಾ ಕೈ ಹಚ್ಚಂಗಿಲ್ಲ. ನೀ ಬೇಕಾದ್ರ ಬಿಚ್ಚಿ ಕಲಿ."

"ಕಾಕಾ, ಕೆಟ್ರ?"

"ಕೆಟ್ಟದ್ದ ಐತಲ್ಲ, ಇನ್ನೇನ್ ಕೆಡತೈತಿ."

ಹಾಗೆ ಶುರುವಾಯಿತು. ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆ ವಾಚನ್ನು ಈವರೆಗೆ ಹನ್ನೊಂದು ಸಲ ಬಿಚ್ಚಿದ್ದೇನೆ. ಅದರಲ್ಲಿ ಏಳು ಸಲ ಬಿಚ್ಚುವ ಅಗತ್ಯವೇ ಇರಲಿಲ್ಲ. ಕಾಕಾ ಹೇಳಿದ "ಕೂಡಂಗಿಲ್ಲ" ಅನ್ನುವ ಒಂದು ಮಾತಿನಲ್ಲಿ ಈ ಕೆಲಸದ ಕಿರಿಕಿರಿ ಪೂರ್ತಿ ಇದೆ. ಒಂದೇ ಹೆಸರಿನ, ಒಂದೇ ಮಾದರಿಯ ಎರಡು ನಕಲು ವಾಚುಗಳ ಒಳಗೆ ಅಳತೆ ಬೇರೆ ಬೇರೆ ಇರುತ್ತದೆ. ಹಾಗಾಗಿ ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿಯೊಂದನ್ನೂ ನೀವೇ ಅಳೆಯಿರಿ. ಹೊರಗಿನಿಂದ ಒಳಗೆ ಒಂದೊಂದೇ ಪದರ ಹೋಗಿ, ದೋಷ ಹೋದ ಕ್ಷಣ ಅಲ್ಲಿಗೇ ನಿಲ್ಲಿಸಿ.

ಒಳಗಿರುವ ಮಷಿನ್ ಯಾವುದು?

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಇದು ತಿಳಿಯಬೇಕು. ಮುಚ್ಚಳ ತೆಗೆಯದೆಯೂ ಅರ್ಧ ತಿಳಿಯುತ್ತದೆ. ಮುಳ್ಳು ಹೇಗೆ ಓಡುತ್ತದೆ ನೋಡಿ.

ಸದಾ ಓಡುವ ಸಣ್ಣ ಸೆಕೆಂಡ್ ಮುಳ್ಳು ಸೆಕೆಂಡಿಗೆ ಒಂದೇ ಸಲ ಜಿಗಿದರೆ ಅದು ಸೆಲ್ ವಾಚು. ಅದರಲ್ಲೂ ಗುಂಡಿ ಒತ್ತಿದಾಗ ಉದ್ದನೆಯ ಮುಳ್ಳು ಸೆಕೆಂಡಿಗೆ ಐದು ಸಣ್ಣ ಹೆಜ್ಜೆ ಇಟ್ಟು, ರಿಸೆಟ್ ಒತ್ತಿದ ಕೂಡಲೇ ಟಪ್ ಅಂತ 12ಕ್ಕೆ ಬಂದು ನಿಂತರೆ ಒಳಗೆ ಸೈಕೋ ಕಂಪನಿಯ ವಿಕೆ ಬಗೆಯ ಮಷಿನ್ ಇರುವ ಸಂಭವ ಜಾಸ್ತಿ. ಓಡಿಸುವುದು ಸೆಲ್, ಸೊನ್ನೆಗೆ ತರುವುದು ಯಾಂತ್ರಿಕ ಸುತ್ತಿಗೆ.

ಸಣ್ಣ ಮುಳ್ಳೂ ನಯವಾಗಿ ಹರಿದಂತೆ ಓಡಿದರೆ ಅದು ಸ್ಪ್ರಿಂಗ್ ವಾಚು. ನಮ್ಮ ಕಡೆ ಕೈಗೆ ಸಿಗುವ ದುಬಾರಿ ನಕಲುಗಳಲ್ಲಿ ಸಾಮಾನ್ಯವಾಗಿ ಇರುವುದು ವಾಲ್ಜೂ 7750 ಎಂಬ ಸ್ವಿಸ್ ಮಷಿನಿನ ಚೀನಾ ನಕಲು. ಮೂಲ ಮಷಿನ್ ರೂಪಿಸಿದವರು ಎಡ್ಮಂಡ್ ಕಾಪ್ಟ್. ಮಾರುಕಟ್ಟೆಗೆ ಬಂದದ್ದು 1974ರಲ್ಲಿ. 30 ಮಿಮೀ ಅಗಲ, 7.9 ಮಿಮೀ ದಪ್ಪ, ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ 8. ಅದರ ರೋಟರ್ (ಕೈ ಅಲ್ಲಾಡಿದಾಗ ತಿರುಗುವ ಭಾರದ ತಟ್ಟೆ) ಒಂದು ಕಡೆ ತಿರುಗಿದಾಗ ಮಾತ್ರ ಚಾವಿ ಕೊಡುತ್ತದೆ, ಇನ್ನೊಂದು ಕಡೆ ಸುಮ್ನೆ ಗಿರ್ರನೆ ತಿರುಗುತ್ತದೆ. ಕೈ ಅಲ್ಲಾಡಿಸಿದಾಗ ಮಣಿಕಟ್ಟಿನ ಮೇಲೆ ವಾಚು ನಡುಗಿದಂತೆ ಅನ್ನಿಸಿದರೆ ಗಾಬರಿ ಬೇಡ, ಅದು ಈ ಮಷಿನಿನ ಸ್ವಭಾವ.

ಮೂರನೆಯದು ಚೀನಾದ ಸೀಗಲ್ ಎಸ್‌ಟಿ19. ಇದು ಕೈಯಿಂದ ಚಾವಿ ಕೊಡುವ ಮಷಿನ್, ಸೆಕೆಂಡಿಗೆ 6 ಬಡಿತ. ಸ್ವಿಸ್ ವೀನಸ್ 175ರ ವಂಶ. ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಅದರ ಬಿಡಿ ಭಾಗ ಅದಕ್ಕೇ ಕೂಡುತ್ತವೆ, ಮತ್ತು ತನ್ನ ಹೆಸರಿನಲ್ಲೇ ಮಾರಾಟವಾಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬೇರೆಯವರ ಹೆಸರು ಹಾಕಿದ ವಾಚನ್ನು ರಿಪೇರಿ ಮಾಡಿ ಮಾರಲು ಹೋಗಬೇಡಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಂಗಳಲ್ಲಿ 6 ತಿಂಗಳಿನಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ನನ್ನ ಮಟ್ಟಿಗೆ ಈ ವಾಚಿಗೆ ಮಾಡಬಹುದಾದ ಅತ್ಯುತ್ತಮ ಬದಲಾವಣೆ ಎಂದರೆ ಆ ಹೆಸರನ್ನು ತೆಗೆಯುವುದು. ಅದನ್ನು ಮುಂದೆ ಹೇಳುತ್ತೇನೆ.

ಜಾಗ ಮತ್ತು ಸಾಮಾನು

ನಮ್ಮ ಊರಿನಲ್ಲಿ ಮೊದಲ ಶತ್ರು ಧೂಳು. ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟರೆ ಒಂದು ತಾಸಿನಲ್ಲಿ ಟೇಬಲ್ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಗದಗ, ಅಣ್ಣಿಗೇರಿ ಕಡೆಯವರಿಗೆ ಎರಿ ಮಣ್ಣಿನ ಕರಿ ಧೂಳು ಹೇಗೆ ಹೊಕ್ಕುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿ, ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಕೂರಬೇಕು. ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದೆ ಕೂತರೆ ಬೆವರು ಬೆರಳ ತುದಿಗೆ ಬರುತ್ತದೆ, ಬೆವರಿನ ಉಪ್ಪು ಹಿತ್ತಾಳೆಯ ಮೇಲೆ ಕಲೆ ಬಿಡುತ್ತದೆ. ನಾನು ಬೆಳಿಗ್ಗೆ ಐದಕ್ಕೆ ಕೂತು ಎಂಟಕ್ಕೆ ಏಳುತ್ತೇನೆ. ಮಳೆಗಾಲ ಇನ್ನೂ ಒಳ್ಳೆಯದು, ಧೂಳು ಕೂತಿರುತ್ತದೆ. ಮಳೆ ಜೋರಿದ್ದ ದಿನ ಮಾತ್ರ ವಾಚು ಮುಚ್ಚಬೇಡಿ. ಒಳಗೆ ಸೇರಿದ ತೇವ ಮುಂದೆ ಗಾಜಿನ ಒಳಗಡೆ ಮಂಜಾಗಿ ಕೂರುತ್ತದೆ.

ಬಟ್ಟೆಯ ವಿಷಯ. ಟೇಬಲ್ ಮೇಲೆ ಖಾದಿ, ಹತ್ತಿ ಟವೆಲ್ ಹಾಸಬೇಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ ನಮ್ಮ ಹೆಮ್ಮೆ. ಆದರೆ ಯಾವ ಹತ್ತಿ ಬಟ್ಟೆಯಾದರೂ ಎಳೆ ಬಿಡುತ್ತದೆ, ಮತ್ತು ಒಂದೇ ಒಂದು ಎಳೆ ಸಾಕು ಕ್ರೋನೋ ನಿಲ್ಲಿಸಲು. ಬಿಳಿ ಕಾಗದ ಹಾಸಿ. ಕಾಗದದ ಅಂಚನ್ನು ನಾಲ್ಕೂ ಕಡೆ ಮೇಲಕ್ಕೆ ಮಡಚಿ, ಉರುಳಿದ ಸ್ಕ್ರೂ ಅಲ್ಲೇ ನಿಲ್ಲುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. 0.8ರಿಂದ 1.6 ಮಿಮೀವರೆಗಿನ ಸ್ಕ್ರೂ ಡ್ರೈವರ್, ಒಳ್ಳೆಯ ಎರಡು ಚಿಮಟ, ಐ ಗ್ಲಾಸ್, ಮುಳ್ಳು ಎತ್ತುವ ಸನಿಕೆ ಜೋಡಿ, ಮುಳ್ಳು ಕೂರಿಸುವ ಕಡ್ಡಿ, ಮಷಿನ್ ಹಿಡಿಯುವ ಹೋಲ್ಡರ್, ಗಾಳಿ ಊದುವ ರಬ್ಬರ್ ಬುಗ್ಗೆ, ಕಸ ಎತ್ತುವ ರೋಡಿಕೋ ಅಂಟು, ಬೆರಳಿಗೆ ರಬ್ಬರ್ ಟೋಪಿ. ಅಗ್ಗದ ಸೆಟ್ಟಿನ ಸ್ಕ್ರೂ ಡ್ರೈವರ್ ತುದಿ ಮೆತ್ತಗಿರುತ್ತದೆ. ನಕಲು ಮಷಿನಿನ ಸ್ಕ್ರೂ ಕೂಡ ಮೆತ್ತಗಿರುತ್ತದೆ. ಮೆತ್ತಗಿನ ಎರಡು ಸೇರಿದರೆ ಸ್ಕ್ರೂ ತಲೆಯ ಗೀರು ಅಳಿಸಿಹೋಗುತ್ತದೆ, ಆಮೇಲೆ ಅದು ಏಳುವುದಿಲ್ಲ. ಬೇರೆ ಎಲ್ಲಾದರೂ ಉಳಿಸಿ, ಸ್ಕ್ರೂ ಡ್ರೈವರ್ ಮತ್ತು ಚಿಮಟದಲ್ಲಿ ಉಳಿಸಬೇಡಿ. ವರ್ನಿಯರ್ ಕ್ಯಾಲಿಪರ್ ಕೂಡ ಬೇಕು. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಲೇಥ್ ಮೇಲೆ ಕೆಲಸ ಮಾಡುವ ಗೆಳೆಯರಿದ್ದರೆ ಅಳೆಯುವುದನ್ನು ಅವರಿಂದಲೇ ಕಲಿಯಿರಿ, ನಾನೂ ಹಾಗೇ ಕಲಿತದ್ದು.

ಬಿಚ್ಚಿದ ಭಾಗ ಇಡಲು ನಾನು ಪೇಢೆಯ ಖಾಲಿ ಡಬ್ಬಿ ಬಳಸುತ್ತೇನೆ. ತೊಳೆದು ಒರೆಸಿ, ತಳಕ್ಕೆ ಕಾಗದ ಹಾಕಿ, ಪೆನ್ಸಿಲ್‌ನಲ್ಲಿ ಗಡಿಯಾರದ ಸುತ್ತು ಬರೆದುಕೊಳ್ಳುತ್ತೇನೆ. ಮಷಿನಿನಲ್ಲಿ ಸ್ಕ್ರೂ ಎಲ್ಲಿತ್ತೋ ಅದೇ ಜಾಗಕ್ಕೆ ಡಬ್ಬಿಯಲ್ಲಿ ಇಡುವುದು. ಊಟಕ್ಕೆ ಏಳುವಾಗ ಮುಚ್ಚಳ ಹಾಕಿದರೆ ಆಯಿತು.

ಮುಚ್ಚಳ ತೆಗೆಯುವ ಮೊದಲು

ಮೊದಲು ಪೂರ್ತಿ ಚಾವಿ ಕೊಡಿ. ಆಟೋಮ್ಯಾಟಿಕ್ ಅಂತ ಕೈಗೆ ಕಟ್ಟಿ ಆಫೀಸಿನಲ್ಲಿ ಕೂತರೆ 7750 ಸರಿಯಾಗಿ ತುಂಬುವುದಿಲ್ಲ, ಅದು ಒಂದೇ ಕಡೆ ಚಾವಿ ಕೊಳ್ಳುತ್ತದಲ್ವಾ. ಕೈಯಿಂದ ಮೂವತ್ತು ನಲವತ್ತು ಸುತ್ತು ಕೊಟ್ಟು ಒಂದು ದಿನ ಬಿಡಿ. ಕ್ರೋನೋ ಓಡಿಸಿದರೆ ನಿಲ್ಲುತ್ತದೆ ಅನ್ನುವ ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದರೆ ಕ್ರೋನೋ ನಿಲ್ಲಿಸಿ, ಸೊನ್ನೆಗೆ ತಂದು, ಎರಡು ದಿನ ಹಾಗೇ ಓಡಿಸಿ ನೋಡಿ. ಬರೀ ಗಂಟೆ ತೋರಿಸುವ ಕೆಲಸ ಸರಿಯಾಗಿ ಮಾಡುತ್ತಿದ್ದರೆ ಮೂಲ ಗಾಲಿಗಳಲ್ಲಿ ದೊಡ್ಡ ದೋಷ ಇಲ್ಲ. ತೊಂದರೆ ಕ್ರೋನೋ ಕಡೆಗೆ ಇದೆ, ಅಥವಾ ಕ್ರೋನೋವನ್ನು ಎಳೆಯುವಷ್ಟು ಶಕ್ತಿ ಉಳಿದಿಲ್ಲ.

ವಾಚು ಒಮ್ಮಿಂದೊಮ್ಮೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡಿದರೆ ಅಯಸ್ಕಾಂತ ಹಿಡಿದಿದೆ. ಮೊಬೈಲ್‌ನ ದಿಕ್ಸೂಚಿ ತೆಗೆದು ಮೇಲೆ ವಾಚು ಹಿಡಿಯಿರಿ, ಬಾಣ ತೂಗಾಡಿದರೆ ಖಚಿತ. ಡಿಮ್ಯಾಗ್ನೆಟೈಸರ್ ಎಂಬ ಸಣ್ಣ ನೀಲಿ ಪೆಟ್ಟಿಗೆ ಸಿಗುತ್ತದೆ. ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನಕ್ಕೆ ಒಂದು ಮೊಳ ದೂರ ಎಳೆದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರ ಇದ್ದಾಗಲೇ ಬಿಟ್ಟರೆ ಅಯಸ್ಕಾಂತ ಇನ್ನೂ ಜಾಸ್ತಿ ಹಿಡಿಯುತ್ತದೆ.

ಸೆಲ್ ವಾಚಿನವರಿಗೆ ಇಲ್ಲಿಗೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ವಿಕೆ63ಕ್ಕೆ ಎಸ್‌ಆರ್936ಎಸ್‌ಡಬ್ಲ್ಯೂ ಸೆಲ್ ಹಾಕಿ. ಹಾಕಿದ ಮೇಲೆ ಎಸಿ ಎಂದು ಬರೆದ ಬಿಂದುವನ್ನೂ ಸೆಲ್‌ನ ಮೇಲ್ಭಾಗವನ್ನೂ ಲೋಹದ ಚಿಮಟದಿಂದ ಎರಡು ಸೆಕೆಂಡು ಕೂಡಿಸಿ. ಇದನ್ನು ಮರೆತವರೇ ಹೊಸ ಸೆಲ್ ಹಾಕಿದರೂ ನಡೆಯುತ್ತಿಲ್ಲ ಅಂತ ಮಷಿನ್ ಬಿಸಾಕುತ್ತಾರೆ.

ಬಿಚ್ಚುವುದು

ಬೆಲ್ಟ್ ತೆಗೆಯಿರಿ. ತಿರುಪಿನ ಮುಚ್ಚಳವಾದರೆ ಮೊದಲು ಅಂಟಂಟಾದ ರಬ್ಬರ್ ಚೆಂಡನ್ನು ಒತ್ತಿ ತಿರುಗಿಸಿ. ಅದಕ್ಕೆ ಬಗ್ಗದಿದ್ದರೆ ಮಾತ್ರ ಕಾಲುಗಳ ಕೀಲಿ. ಕೀಲಿ ಜಾರಿದರೆ ಮುಚ್ಚಳದ ಮೇಲೆ ಉದ್ದಕ್ಕೆ ಗೆರೆ ಬೀಳುತ್ತದೆ.

ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಒಂದಲ್ಲ, ಮೂರು: ನೇರ, ಎಡ ಓರೆ, ಬಲ ಓರೆ. ನೇರ ಫೋಟೋದಲ್ಲಿ ಯಾವ ಲಿವರ್ ಯಾವುದರ ಮೇಲೆ ಕೂತಿದೆ ಅಂತ ತಿಳಿಯುವುದಿಲ್ಲ. ನನಗೆ ಇದು ಮೂರನೇ ಸಲ ಬಿಚ್ಚಿದಾಗ ಅರ್ಥವಾಯಿತು.

ಈಗ ಚಾವಿಯ ಕಡ್ಡಿ ಹೊರಗೆ ಬರಬೇಕು. ಕಡ್ಡಿಯ ಪಕ್ಕದಲ್ಲಿ ಒತ್ತುವ ಒಂದು ಸಣ್ಣ ಗುಳಿ ಇರುತ್ತದೆ. ತೆಳ್ಳನೆಯ ತುದಿಯಿಂದ ಅದನ್ನು ಒಂಚೂರು ಒತ್ತಿ, ಇನ್ನೊಂದು ಕೈಯಿಂದ ಚಾವಿಯನ್ನು ಮೆಲ್ಲಗೆ ಎಳೆಯಿರಿ. ಬರಲಿಲ್ಲ ಅಂತ ಜೋರಾಗಿ ಒತ್ತಬೇಡಿ. ನಾನು ಒತ್ತಿದೆ. ಒಳಗಿನ ಲಿವರ್ ತನ್ನ ಜಾಗ ಬಿಟ್ಟು ಜಾರಿತು. ಆಮೇಲೆ ಕಡ್ಡಿ ಹಾಕಿದರೆ ನಿಲ್ಲುವುದೇ ಇಲ್ಲ, ಎಳೆದ ಕೂಡಲೇ ಕೈಗೆ ಬರುತ್ತದೆ. ಅದನ್ನು ಸರಿಪಡಿಸಲು ಮುಳ್ಳು, ಡಯಲ್ ಎಲ್ಲಾ ತೆಗೆಯಬೇಕು. ಐದು ನಿಮಿಷದ ಕೆಲಸಕ್ಕೆ ಎರಡು ಭಾನುವಾರ ಹೋಯಿತು.

ಬ್ಯಾಲೆನ್ಸ್ (ಹಿಂದೆ ಮುಂದೆ ತೂಗಾಡುತ್ತಾ ಬಡಿತ ಕೊಡುವ ಗಾಲಿ) ಅಥವಾ ಮೂಲ ಗಾಲಿಗಳಿಗೆ ಕೈ ಹಾಕುವುದಿದ್ದರೆ ಮೊದಲು ಸ್ಪ್ರಿಂಗ್‌ನ ಬಿಗಿ ಇಳಿಸಲೇಬೇಕು. ಕಡ್ಡಿ ವಾಪಸ್ ಹಾಕಿ, ಚಾವಿಯನ್ನು ಬೆರಳಲ್ಲಿ ಗಟ್ಟಿ ಹಿಡಿದು, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ಹಿಡಿದಿರುವ ತಡೆಗೊಂಡಿಯನ್ನು ಪಕ್ಕಕ್ಕೆ ಸರಿಸಿ, ಚಾವಿ ಬೆರಳ ನಡುವೆ ನಿಧಾನಕ್ಕೆ ಹಿಂದೆ ತಿರುಗಲು ಬಿಡಿ. ಬಿಗಿ ಇರುವಾಗಲೇ ಪ್ಯಾಲೆಟ್ (ಗಾಲಿಯನ್ನು ಒಂದೊಂದೇ ಹಲ್ಲು ಮುಂದೆ ಬಿಡುವ ಕವಲು) ಎತ್ತಿದರೆ ಗಾಲಿಗಳು ಭರ್ರನೆ ಓಡಿ ಹಲ್ಲು ಮುರಿದುಕೊಳ್ಳುತ್ತವೆ.

ಆರು ಮುಳ್ಳು

ಎಚ್‌ಎಂಟಿಯಲ್ಲಿ ಮೂರು ಮುಳ್ಳು. ಇಲ್ಲಿ ಆರು: ನಡುವೆ ಗಂಟೆ, ನಿಮಿಷ, ಉದ್ದನೆಯ ಕ್ರೋನೋ ಸೆಕೆಂಡು, ಸಣ್ಣ ಡಯಲ್‌ಗಳಲ್ಲಿ ತಲಾ ಒಂದು. ನನ್ನ ತಾಳ್ಮೆ ಹೆಚ್ಚು ಸಲ ಸೋತದ್ದು ಇಲ್ಲೇ.

ತೆಗೆಯುವಾಗ ತೆಳು ಪ್ಲಾಸ್ಟಿಕ್ ಹಾಳೆಗೆ ಒಂದು ಸೀಳು ಹಾಕಿ ಮುಳ್ಳಿನ ಕೆಳಗೆ ತೂರಿಸಿ, ಡಯಲ್‌ಗೆ ಗೀರು ಬೀಳಬಾರದು. ಮೊದಲು ಉದ್ದನೆಯ ಮುಳ್ಳು, ಆಮೇಲೆ ನಿಮಿಷ ಮತ್ತು ಗಂಟೆ, ಕೊನೆಗೆ ಸಣ್ಣವು. ಎರಡು ಸನಿಕೆ ಎರಡೂ ಕಡೆಯಿಂದ ಒಟ್ಟಿಗೆ ಎತ್ತಬೇಕು. ಒಂದೇ ಕಡೆಯಿಂದ ಎತ್ತಿದರೆ ಸಣ್ಣ ಮುಳ್ಳಿನ ಕೆಳಗಿನ ಸೂಜಿಯಂಥ ಕಂಬ ಬಾಗುತ್ತದೆ. ಅದರ ದಪ್ಪ ಕಾಲು ಮಿಲಿಮೀಟರ್ ಆಸುಪಾಸು. ಬಾಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಮುರಿದರೆ ಇಡೀ ಗಾಲಿ ಬದಲಿಸಬೇಕು. ಆ ಗಾಲಿ ನಿಮ್ಮ ನಕಲಿಗೆ ಕೂಡುತ್ತದೋ ಇಲ್ಲವೋ ತಂದು ಹಾಕಿದ ಮೇಲೆಯೇ ಗೊತ್ತಾಗುವುದು.

ಹೊಸ ಮುಳ್ಳು ಕೊಳ್ಳುವಾಗ ರಂಧ್ರದ ಅಳತೆ ಕೇಳಿ. 7750ಕ್ಕೆ ಗಂಟೆ ಮುಳ್ಳು 2.00 ಮಿಮೀ, ನಿಮಿಷ 1.20, ಕ್ರೋನೋ ಸೆಕೆಂಡು 0.25. ನಕಲಿನಲ್ಲಿ ಇದೇ ಇರಬೇಕು, ಆದರೆ ನನ್ನದರಲ್ಲಿ ಗಂಟೆ ಮುಳ್ಳು ಸಡಿಲವಾಗಿ ಕೂತಿತು. ಹಳೆಯದನ್ನು ಬಿಸಾಕಬೇಡಿ, ಎಂದೆಂದಿಗೂ.

ವಾಪಸ್ ಕೂರಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಕ್ರೋನೋ ಸೊನ್ನೆಗೆ ತನ್ನಿ. ಕ್ರೋನೋದ ಸಣ್ಣ ಮುಳ್ಳುಗಳನ್ನು ನೇರ ಸೊನ್ನೆಗೆ ಕೂರಿಸಿ. ಆಮೇಲೆ ಚಾವಿಯಿಂದ ಮುಂದೆ ತಿರುಗಿಸುತ್ತಾ ತಾರೀಖು ಬದಲಾಗುವ ಕ್ಷಣ ಹಿಡಿಯಿರಿ. ತಾರೀಖು ಹಾರಿದ ಕೂಡಲೇ ನಿಲ್ಲಿಸಿ ಗಂಟೆ, ನಿಮಿಷ ಎರಡನ್ನೂ 12ಕ್ಕೆ ಕೂರಿಸಿ. ಇದನ್ನು ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ತಾರೀಖು ಬದಲಾಗುವ ವಾಚು ಸಿದ್ಧವಾಗುತ್ತದೆ. ಉದ್ದನೆಯ ಮುಳ್ಳು ಕೊನೆಗೆ.

ಆ ಉದ್ದನೆಯ ಮುಳ್ಳು ಕೂರಿಸುವುದು ಒಂದೇ ಅವಕಾಶದ ಕೆಲಸ ಅಂತ ತಿಳಿಯಿರಿ. ಅದು ಕೂರುವ ಕಂಬ ತುದಿಯ ಕಡೆಗೆ ಕೂದಲಿನಷ್ಟು ಸಣ್ಣಗಾಗುತ್ತದೆ, ಮುಳ್ಳಿನ ನಳಿಗೆ ಮೆತ್ತಗಿನ ಹಿತ್ತಾಳೆ. ಒಂದೊಂದು ಸಲ ತೆಗೆದು ಹಾಕಿದಾಗಲೂ ನಳಿಗೆ ಸ್ವಲ್ಪ ಸಡಿಲಾಗುತ್ತದೆ. ಒತ್ತುವಾಗ ಮಷಿನಿನ ಹಿಂದಿನಿಂದ, ನಡು ಭಾಗಕ್ಕೆ ಆಧಾರ ಇರಲಿ. ಆಧಾರ ಇಲ್ಲದೆ ಒತ್ತಿದರೆ ಹಿಂದಿನ ಬ್ರಿಜ್‌ನಲ್ಲಿರುವ (ಗಾಲಿಗಳ ಕಂಬ ಹಿಡಿದಿರುವ ತಗಡಿನಲ್ಲಿರುವ) ಕಲ್ಲು ಜಾರಬಹುದು.

ಯಾಕೆ ಇಷ್ಟು ಹಿಡಿತ ಬೇಕು? ರಿಸೆಟ್ ಒತ್ತಿದಾಗ ಒಳಗೆ ನಡೆಯುವುದನ್ನು ನೋಡಿ. ಗಾಲಿಯ ಮೇಲೆ ಹೃದಯದ ಆಕಾರದ ತುಂಡೊಂದು ಇದೆ. ಅದರ ಮೇಲೆ ಸುತ್ತಿಗೆ ಬೀಳುತ್ತದೆ. ಮುಳ್ಳು ಎಲ್ಲಿದ್ದರೂ ಆ ಆಕಾರದಿಂದಾಗಿ ಜಾರಿ ಸೊನ್ನೆಗೆ ಬರುತ್ತದೆ. ಅಡಾಲ್ಫ್ ನಿಕೋಲ್ 1844ರಲ್ಲಿ ಪೇಟೆಂಟ್ ಪಡೆದ ಉಪಾಯ, ಇಂದಿಗೂ ಹಾಗೇ ಇದೆ. ಎಷ್ಟು ಚೆಂದದ ಯೋಚನೆ! ಆದರೆ ಪ್ರತಿ ರಿಸೆಟ್‌ಗೂ ಮುಳ್ಳು ಕಣ್ಣು ಮಿಟುಕಿಸುವುದರೊಳಗೆ ಅರ್ಧ ಸುತ್ತಿನವರೆಗೂ ಹಾರಿ ಗಕ್ಕನೆ ನಿಲ್ಲುತ್ತದೆ. ಸಡಿಲ ನಳಿಗೆ ಆ ಹೊಡೆತಕ್ಕೆ ಜಾರುತ್ತದೆ.

ಕೂರಿಸಿದ ಮೇಲೆ ಓಡಿಸು, ನಿಲ್ಲಿಸು, ರಿಸೆಟ್. ಹತ್ತು ಸಲ. ಪ್ರತಿ ಸಲ 12ಕ್ಕೇ ಬಂದರೆ ಸರಿ. ಪ್ರತಿ ಸಲವೂ ಒಂದೇ ಕಡೆ ಒಂದೇ ಅಂತರ ತಪ್ಪಿದರೆ ಕೂರಿಸುವಾಗ ಓರೆಯಾಗಿದೆ, ಎತ್ತಿ ಮತ್ತೆ ಕೂರಿಸಿ. ಸಲಕ್ಕೊಂದು ಜಾಗಕ್ಕೆ ಬಂದರೆ ನಳಿಗೆ ಸಡಿಲ. ಅಂಟು ಹಾಕಬೇಡಿ, ಕಂಬದ ಗುಂಟ ಕೆಳಗೆ ಇಳಿಯುತ್ತದೆ. ಸಣ್ಣ ಪಿನ್ ವೈಸ್‌ನಲ್ಲಿ (ಕೈಯಲ್ಲಿ ಹಿಡಿಯುವ ಪುಟ್ಟ ಹಿಡಿಕೆ) ನಳಿಗೆಯನ್ನು ಸುತ್ತಲೂ ಸಮನಾಗಿ, ತೀರಾ ಸ್ವಲ್ಪ ಬಿಗಿ ಮಾಡಿ. ಚಿಮಟದಿಂದ ಒತ್ತಿದರೆ ರಂಧ್ರ ಚಪ್ಪಟೆಯಾಗುತ್ತದೆ.

ಕ್ರೋನೋ ಓಡಿಸಿದರೆ ವಾಚೇ ನಿಲ್ಲುತ್ತದೆ

ನನ್ನ ವಾಚಿನ ಮೂಲ ದೂರು ಇದು. ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು.

ಮೂಲ 7750ರಲ್ಲಿ ಸದಾ ಓಡುವ ಸೆಕೆಂಡ್ ಮುಳ್ಳು 9ರ ಕಡೆ ಇರುತ್ತದೆ. ಕ್ರೋನೋ ನಿಮಿಷ 12ರ ಕಡೆ, ಗಂಟೆ 6ರ ಕಡೆ. ನಕಲು ಮಾಡುವವರಿಗೆ ಬೇರೆ ವಾಚಿನ ಮುಖ ಬೇಕು. ಅದರಲ್ಲಿ ಸೆಕೆಂಡು 6ರಲ್ಲಿ ಇದ್ದರೆ, ಡಯಲ್ ಕೆಳಗೆ ಹೆಚ್ಚುವರಿ ಗಾಲಿಗಳನ್ನು ಜೋಡಿಸಿ ಮುಳ್ಳನ್ನು ಅಲ್ಲಿಗೆ ಒಯ್ಯುತ್ತಾರೆ. ಮೂಲ ವಿನ್ಯಾಸದಲ್ಲಿ ಇಲ್ಲದ ಆ ಗಾಲಿಗಳ ಭಾರವನ್ನೂ ಅದೇ ಸ್ಪ್ರಿಂಗ್ ಎಳೆಯಬೇಕು. ಎಷ್ಟೋ ಸಲ ಅವಕ್ಕೆ ಎಣ್ಣೆಯೇ ಬಿದ್ದಿರುವುದಿಲ್ಲ. ಅದರ ಮೇಲೆ ಕ್ರೋನೋ ಓಡಿಸಿದರೆ ಬ್ಯಾಲೆನ್ಸ್ ಸೋತು ನಿಲ್ಲುತ್ತದೆ.

ಹಾಗಾಗಿ ಮೊದಲು ಡಯಲ್ ಕಡೆಯಿಂದ ನೋಡಿ. ಹೆಚ್ಚುವರಿ ತಗಡು, ಗಾಲಿ ಕಂಡರೆ ಫೋಟೋ ತೆಗೆದು, ಬಿಚ್ಚಿ, ತೊಳೆದು, ಪ್ರತಿ ಗಾಲಿಯ ಕಂಬದ ತುದಿಗೆ ತೆಳು ಎಣ್ಣೆ ಕೊಟ್ಟು ಜೋಡಿಸಿ. ಹಲ್ಲುಗಳಿಗೆ ಎಣ್ಣೆ ಬೇಡ. ನನ್ನ ವಾಚಿನಲ್ಲಿ ಇಷ್ಟಕ್ಕೇ ಮುಕ್ಕಾಲು ದೋಷ ಹೋಯಿತು. ಆದರೆ ಅದಕ್ಕೂ ಮೊದಲು ನಾನು ಹಿಂದಿನಿಂದ ಇಡೀ ಕ್ರೋನೋ ಬಿಚ್ಚಿ ಕೂತಿದ್ದೆ, ಸುಮ್ನೆ.

ಉಳಿದ ಕಾಲು ಭಾಗ ಹಿಂದುಗಡೆ ಇತ್ತು. ರೋಟರ್ ಮತ್ತು ಅದರ ಕೆಳಗಿನ ಬ್ರಿಜ್ ತೆಗೆದರೆ ಕ್ಯಾಮ್ (ಗುಂಡಿ ಒತ್ತಿದಾಗ ಸರಿದು ಲಿವರ್‌ಗಳನ್ನು ನಡೆಸುವ ತುಂಡು), ಸುತ್ತಿಗೆ, ಲಿವರ್‌ಗಳು ಕಾಣುತ್ತವೆ. ಓಡುವ ಗಾಲಿಯನ್ನೂ ಕ್ರೋನೋ ಗಾಲಿಯನ್ನೂ ಕೂಡಿಸುವುದು ಒಂದು ಸಣ್ಣ ಕಂಬ. ಗುಂಡಿ ಒತ್ತಿದಾಗ ಅದು ಒಂಚೂರು ವಾಲಿ ಹಲ್ಲಿಗೆ ಹಲ್ಲು ಕೂಡಿಸುತ್ತದೆ. ಇದಕ್ಕೆ ಆಸಿಲೇಟಿಂಗ್ ಪಿನಿಯನ್ ಅಂತಾರೆ, ಹ್ಯೂಯರ್ 1887ರಲ್ಲಿ ಪೇಟೆಂಟ್ ಪಡೆದದ್ದು. ಐ ಗ್ಲಾಸ್ ಹಾಕಿ ಆ ಹಲ್ಲುಗಳ ನಡುವೆ ನೋಡಿ. ನನ್ನದರಲ್ಲಿ ಅಲ್ಲಿ ಒಂದು ನೀಲಿ ನೂಲಿನ ಎಳೆ ಇತ್ತು. ನಮ್ಮ ಮನೆಯ ಟವೆಲ್ ನೀಲಿ. ಅಂದರೆ ಆ ಎಳೆ ಸೇರಿಸಿದವನು ನಾನೇ. ಚಿಮಟದಿಂದ ಎಳೆಯಬೇಡಿ, ರೋಡಿಕೋ ತುದಿ ಮುಟ್ಟಿಸಿದರೆ ಬರುತ್ತದೆ.

ಎಳೆ ಇಲ್ಲದಿದ್ದರೆ? ಲಿವರ್ ಬಗ್ಗಿಸಿ ಹೊಂದಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅರ್ಧ ಕೂದಲಷ್ಟು ಬಾಗಿದರೂ ಈಗ ಕೂಡುವ ಹಲ್ಲು ಮುಂದೆ ಬಿಡುವುದಿಲ್ಲ. ಆ ಹಂತಕ್ಕೆ ಬಂದರೆ ಇಡೀ ಮಷಿನ್ ಬದಲಿಸುವುದೇ ಮೇಲು.

ಇಲ್ಲಿಯ ಸ್ಪ್ರಿಂಗ್‌ಗಳು ತಂತಿಯಂಥವು, ಪುಟಿಯುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಮಷಿನ್ ಇಟ್ಟು, ಕೈ ಮತ್ತು ಚಿಮಟ ಒಳಗೆ ಹಾಕಿ ಕೆಲಸ ಮಾಡಿ. ನನ್ನ ಸುತ್ತಿಗೆ ಸ್ಪ್ರಿಂಗ್ ಒಂದು ತಿಂಗಳ ಮೇಲೆ ಅವ್ವನ ಕಸಬರಿಗೆಯಲ್ಲಿ ಸಿಕ್ಕಿತು.

ಮತ್ತೊಂದು. ಕ್ರೋನೋ ಓಡುತ್ತಿರುವಾಗ ರಿಸೆಟ್ ಗುಂಡಿ ಒತ್ತಬೇಡಿ. 7750ರಲ್ಲಿ ಕ್ಯಾಮ್ ಅದನ್ನು ತಡೆಯುತ್ತದೆ. ಗುಂಡಿ ಗಟ್ಟಿ ಅನ್ನಿಸಿದರೆ ಅದು ಕೆಟ್ಟಿಲ್ಲ, ಬೇಡ ಅನ್ನುತ್ತಿದೆ.

ತೊಳೆಯುವುದು, ಎಣ್ಣೆ

ನಮ್ಮ ಕಡೆ ಹಳೆಯ ರಿಪೇರಿಯವರು ವೈಟ್ ಪೆಟ್ರೋಲ್‌ನಲ್ಲಿ ತೊಳೆಯುತ್ತಾರೆ. ಕೆಲಸ ಮಾಡುತ್ತದೆ, ಆದರೆ ಅಡುಗೆ ಮನೆಯಿಂದ ದೂರ, ಕಿಟಕಿ ತೆಗೆದ ಜಾಗದಲ್ಲಿ ಮಾತ್ರ. ಸ್ಪಿರಿಟ್ ಬಳಸುವವರು ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಅನ್ನು ಅದರಲ್ಲಿ ಹಾಕಬಾರದು. ಅವುಗಳ ಕೆಂಪು ಕಲ್ಲುಗಳನ್ನು ಕೂರಿಸಿರುವುದು ಅರಗಿನಿಂದ. ಸ್ಪಿರಿಟ್‌ಗೆ ಅರಗು ಕರಗುತ್ತದೆ, ಕಲ್ಲು ಜಾರುತ್ತದೆ.

ಎಣ್ಣೆ ಎರಡು ಬಗೆ ಸಾಕು. ವೇಗದ ಗಾಲಿಗಳಿಗೆ ಮೋಬಿಯಸ್ 9010ರಂಥ ತೆಳು ಎಣ್ಣೆ, ನಿಧಾನದ ಭಾರದ ಜಾಗಕ್ಕೆ ದಪ್ಪದ್ದು. ಹೊಲಿಗೆ ಮಷಿನ್ ಎಣ್ಣೆ ಬೇಡವೇ ಬೇಡ, ಹರಡಿ ಧೂಳು ಹಿಡಿಯುತ್ತದೆ. ಕಲ್ಲಿನ ಗುಳಿ ಅರ್ಧ ತುಂಬಿದರೆ ಜಾಸ್ತಿಯೇ ಆಯಿತು. ಪ್ಯಾಲೆಟ್‌ನ ಕಂಬಕ್ಕೆ ಎಣ್ಣೆ ಇಲ್ಲ. ಬ್ಯಾಲೆನ್ಸ್‌ನ ಕೂದಲು ಸ್ಪ್ರಿಂಗ್‌ಗೆ ಎಣ್ಣೆ ತಾಗಿದರೆ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಹುಚ್ಚಾಪಟ್ಟೆ ಮುಂದೆ ಓಡುತ್ತದೆ.

ಹೆಸರಿಲ್ಲದ ಡಯಲ್

ಡಯಲ್ ಮೇಲಿನ ಅಕ್ಷರ ಉಜ್ಜಿ ತೆಗೆಯಬಹುದು ಅಂತ ನಾನೂ ಯೋಚಿಸಿದ್ದೆ. ಅಕ್ಷರದ ಜೊತೆ ಕೆಳಗಿನ ಬಣ್ಣವೂ ಬರುತ್ತದೆ. ಹೆಸರಿಲ್ಲದ ಹೊಸ ಡಯಲ್ ತರಿಸುವುದೇ ದಾರಿ. ತರಿಸುವ ಮೊದಲು ಹಳೆಯ ಡಯಲ್‌ನಲ್ಲಿ ನಾಲ್ಕು ಅಳತೆ ತೆಗೆಯಿರಿ: ಒಟ್ಟು ಅಗಲ, ದಪ್ಪ, ನಡು ರಂಧ್ರದಿಂದ ಪ್ರತಿ ಸಣ್ಣ ರಂಧ್ರಕ್ಕೆ ದೂರ, ಹಿಂದಿನ ಕಾಲುಗಳು ಯಾವ ಗಂಟೆಯ ನೇರಕ್ಕಿವೆ. ನಾನು ಮಾದರಿಯ ಹೆಸರು ಹೇಳಿ ತರಿಸಿದೆ. ಸಣ್ಣ ರಂಧ್ರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಇತ್ತು, ಮುಳ್ಳಿನ ಕಂಬ ಅಂಚಿಗೆ ತಾಗುತ್ತಿತ್ತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ಅಳತೆ ಬರೆದು ಕಳಿಸಿದೆ, ಕೂಡಿತು.

ಕಾಲು ಮಾತ್ರ ಹೊಂದದಿದ್ದರೆ ಅವನ್ನು ಕತ್ತರಿಸಿ, ತೆಳುವಾದ ಎರಡು ಬದಿ ಅಂಟಿನ ಚುಕ್ಕೆಗಳಿಂದ ಕೂರಿಸಬಹುದು. ಚುಕ್ಕೆ ತಾರೀಖಿನ ಉಂಗುರಕ್ಕೆ ತಾಗದಂತೆ ನೋಡಿಕೊಳ್ಳಿ. ಕತ್ತಲಲ್ಲಿ ಹೊಳೆಯುವ, ನಾವು ರೇಡಿಯಂ ಅನ್ನುವ ಬಣ್ಣವನ್ನು ಹೊಸದಾಗಿ ಬಳಿಯಲು ಹೋಗಬೇಡಿ. ಒಣಗಿದ ಮೇಲೆ ಪುಡಿ ಉದುರಿ ಮಷಿನ್ ಸೇರುತ್ತದೆ.

ಮುಚ್ಚಿ, ಹೊಂದಿಸಿ

ಮುಚ್ಚುವ ಮೊದಲು ಗಾಜಿನ ಒಳಮೈ, ಡಯಲ್ ಎರಡಕ್ಕೂ ಗಾಳಿ ಊದಿ, ಓರೆ ಬೆಳಕಿನಲ್ಲಿ ನೋಡಿ. ಮುಚ್ಚಳದ ರಬ್ಬರ್ ಉಂಗುರ ಹೊಸದು ಹಾಕಿ, ಸಿಲಿಕೋನ್ ಗ್ರೀಸ್ ಸವರಿ. ಹಿಂದೆ ಎಷ್ಟೇ ಮೀಟರ್ ಅಂತ ಕೊರೆದಿದ್ದರೂ ನೀರಿಗೆ ಇಳಿಸಬೇಡಿ. ಗುಂಡಿಗಳ ನಳಿಗೆಯೇ ಸೋರುವ ಜಾಗ. ಕೈ ತೊಳೆಯುವಾಗಲೂ ನಾನು ಬಿಚ್ಚಿಡುತ್ತೇನೆ.

ಟೈಮ್ ಹೊಂದಿಸಲು ಮೊಬೈಲ್‌ನ ಮೈಕಿನಿಂದ ಬಡಿತ ಕೇಳುವ ಆ್ಯಪ್‌ಗಳಿವೆ. ಲಿಫ್ಟ್ ಆ್ಯಂಗಲ್ (ಬ್ಯಾಲೆನ್ಸ್‌ನ ತೂಗು ಲೆಕ್ಕ ಹಾಕಲು ಬೇಕಾದ ಕೋನ) ಕೇಳಿದರೆ 7750ಕ್ಕೆ 49 ಡಿಗ್ರಿ ಹಾಕಿ. ಪೂರ್ತಿ ಚಾವಿ ಕೊಟ್ಟು, ಡಯಲ್ ಮೇಲೆ ಮಾಡಿ ಇಟ್ಟು ನೋಡಿ. ಕ್ರೋನೋ ಇಲ್ಲದೆ ಬ್ಯಾಲೆನ್ಸ್‌ನ ತೂಗು 270 ಡಿಗ್ರಿ ದಾಟಿದರೆ ಮಷಿನ್ ಆರೋಗ್ಯವಾಗಿದೆ. ಕ್ರೋನೋ ಓಡಿಸಿದಾಗ ಸ್ವಲ್ಪ ಇಳಿಯುವುದು ಸಹಜ, 200ಕ್ಕಿಂತ ಕೆಳಗೆ ಹೋದರೆ ಇನ್ನೂ ಎಲ್ಲೋ ಹಿಡಿಯುತ್ತಿದೆ. ಬ್ಯಾಲೆನ್ಸ್ ಮೇಲೆ ಎರಡು ಕೈ ಇರುತ್ತವೆ, ವೇಗದ ಕೈಯನ್ನು ಮಾತ್ರ ಮುಟ್ಟಿ. ಮುಟ್ಟಿದೆನೋ ಇಲ್ಲವೋ ಅನ್ನುವಷ್ಟು ಸರಿಸಿದರೂ ಅರ್ಧ ನಿಮಿಷದ ವ್ಯತ್ಯಾಸ ಬರುತ್ತದೆ. ದಿನಕ್ಕೆ 15 ಸೆಕೆಂಡಿನೊಳಗೆ ಬಂದರೆ ಸ್ಕ್ರೂ ಡ್ರೈವರ್ ಕೆಳಗಿಡಿ.

ಇನ್ನು ಒಂದು ವಾರ ಕಟ್ಟಿಕೊಂಡು ಓಡಾಡಿ. ರಾತ್ರಿ 8ರಿಂದ ಬೆಳಗಿನ ಜಾವ 3ರವರೆಗೆ ತಾರೀಖನ್ನು ಚಾವಿಯಿಂದ ಬದಲಿಸಬೇಡಿ, ಆಗ ಗಾಲಿಗಳ ಹಲ್ಲು ಕೂಡಿರುತ್ತದೆ. ದಿನಾ ಒಂದೇ ಹೊತ್ತಿಗೆ ಮೊಬೈಲ್ ಟೈಮ್ ಜೊತೆ ಹೋಲಿಸಿ ಬರೆದಿಡಿ. ನನ್ನದರ ಏಳು ದಿನದ ಲೆಕ್ಕ ಹೀಗಿದೆ: ಮುಂದೆ 9, 11, 8, 12, 10, 9, 11 ಸೆಕೆಂಡು. ಏಳನೇ ದಿನ ಅದನ್ನು ದುರ್ಗದಬೈಲ್‌ಗೆ ಒಯ್ದು ಕಾಕಾ ಕೈಗೆ ಕೊಟ್ಟೆ. ಅವರು ಮೇಲಿನ ಗುಂಡಿ ಒತ್ತಿದರು, ಒಂದು ನಿಮಿಷ ಪೂರ್ತಿ ಓಡಲು ಬಿಟ್ಟರು, ನಿಲ್ಲಿಸಿ ಕೆಳಗಿನದನ್ನು ಒತ್ತಿದರು. ಮುಳ್ಳು 12ಕ್ಕೆ ಬಂತು. ಹೆಸರಿಲ್ಲದ ಡಯಲ್ ನೋಡಿ, "ಈಗ ಇದು ನಿಂದಾತು ನೋಡ್" ಅಂದು, ಅಪ್ಪನ ಎಚ್‌ಎಂಟಿಯನ್ನು ನನ್ನ ಮುಂದೆ ಇಟ್ಟರು. "ಇದರ ಸರ್ವಿಸ್ ಈ ಸಲ ನೀನ ಮಾಡ."